ಯಾವ ಪ್ರಶ್ನೆಗೆ ಯಾವ ಸ್ಕ್ಯಾನ್? ಎಕ್ಸ್‌ರೇಯಿಂದ ಪೆಟ್‌ವರೆಗೆ ಆರಿಸುವ, ಸರಿಯಾಗಿ ತೆಗೆಯುವ ಬಗೆ

ಪಿತ್ತಕೋಶದ ಕಲ್ಲನ್ನು ಅಲ್ಟ್ರಾಸೌಂಡ್ ಕೆಲವೇ ನಿಮಿಷದಲ್ಲಿ ಹಿಡಿಯುತ್ತದೆ. ಅದಕ್ಕಿಂತ ಎಷ್ಟೋ ದುಬಾರಿಯಾದ ಸಿಟಿಯಲ್ಲಿ ಅದೇ ಕಲ್ಲು ಕೆಲವೊಮ್ಮೆ ಕಾಣುವುದೇ ಇಲ್ಲ. ಕೊಲೆಸ್ಟರಾಲ್ ಕಲ್ಲೂ ಅದರ ಸುತ್ತಲಿನ ಪಿತ್ತರಸವೂ ಎಕ್ಸ್‌ರೇಯನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಡೆಯುವುದೇ ಇದಕ್ಕೆ ಕಾರಣ. ಮೂತ್ರನಾಳದ ಕಲ್ಲಿಗೆ ಬಂದರೆ ಲೆಕ್ಕ ತಿರುಗುಮುರುಗು. ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣಲೆಂದು ರಕ್ತನಾಳಕ್ಕೆ ಕೊಡುವ ಔಷಧಿ) ಹಾಕದ ಸಿಟಿ ಹೆಚ್ಚುಕಡಿಮೆ ಎಲ್ಲ ಕಲ್ಲನ್ನೂ ತೋರಿಸುತ್ತದೆ, ಸಾದಾ ಎಕ್ಸ್‌ರೇಯಲ್ಲಿ ಕಾಣದ ಯೂರಿಕ್ ಆಮ್ಲದ ಕಲ್ಲನ್ನೂ. ಅಲ್ಟ್ರಾಸೌಂಡಿಗೆ ನಾಳದ ನಡುಭಾಗ ಕರುಳಿನ ಗಾಳಿಯ ಹಿಂದೆ ಮರೆಯಾಗುತ್ತದೆ. ಎಂಆರ್‌ಐಯಲ್ಲಿ ಕಲ್ಲು ಬರೀ ಕಪ್ಪು ಚುಕ್ಕೆ. ಅದು ಕಲ್ಲೋ ರಕ್ತದ ಹೆಪ್ಪೋ ಗಾಳಿಯ ಗುಳ್ಳೆಯೋ ಎಂದು ಹೇಳುವುದು ಕಷ್ಟ.

ಪ್ರತಿ ಯಂತ್ರವೂ ದೇಹದ ಒಂದೊಂದು ಭೌತಿಕ ಗುಣವನ್ನು ಮಾತ್ರ ಅಳೆಯುತ್ತದೆ. ಎಕ್ಸ್‌ರೇ ಮತ್ತು ಸಿಟಿ ಅಳೆಯುವುದು ಅಂಗಾಂಶದ ಸಾಂದ್ರತೆ ಮತ್ತು ಪರಮಾಣು ಸಂಖ್ಯೆಯನ್ನು. ಅಲ್ಟ್ರಾಸೌಂಡ್, ಶಬ್ದ ಎಲ್ಲಿ ಪುಟಿದು ಹಿಂದಿರುಗುತ್ತದೆ ಎಂಬುದನ್ನು. ಎಂಆರ್‌ಐ, ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ನಿನ ವರ್ತನೆಯನ್ನು. ಪೆಟ್ ಮತ್ತು ಗಾಮಾ ಕ್ಯಾಮೆರಾ, ಕೊಟ್ಟ ವಿಕಿರಣಶೀಲ ಔಷಧಿಯನ್ನು ಯಾವ ಜೀವಕೋಶ ಎಷ್ಟು ಹೀರಿಕೊಂಡಿತು ಎಂಬುದನ್ನು. ಕಾಯಿಲೆ ಈ ಗುಣವನ್ನು ಬದಲಿಸದಿದ್ದರೆ ಯಂತ್ರ ಎಷ್ಟೇ ದುಬಾರಿಯಾದರೂ ವರದಿ ‘ನಾರ್ಮಲ್’ ಎಂದೇ ಬರುತ್ತದೆ. ಹಾಗಾಗಿ ರೇಡಿಯಾಲಜಿ ವಿಭಾಗಕ್ಕೆ ಹೊಸದಾಗಿ ಬಂದ ಟೆಕ್ನೀಷಿಯನ್ನರು, ಸ್ಕ್ಯಾನ್ ಬರೆದುಕೊಡುವ ಹೌಸ್ ಸರ್ಜನ್ನರು ಮೊದಲು ಕೇಳಿಕೊಳ್ಳಬೇಕಾದದ್ದು: ಹುಡುಕುತ್ತಿರುವ ವಸ್ತು ಅಕ್ಕಪಕ್ಕದ ವಸ್ತುವಿಗಿಂತ ಯಾವ ಗುಣದಲ್ಲಿ ಬೇರೆ?

ಎಕ್ಸ್‌ರೇ: ಹಳೆಯದು, ಆದರೆ ಸುಲಭವಲ್ಲ

1895ರಲ್ಲಿ ರಾಂಟ್‌ಜನ್ ಕಂಡುಕೊಂಡ ಕಿರಣವನ್ನು ಇಂದು ಹುಟ್ಟಿಸುವ ರೀತಿ ಇದು: ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನ್‌ಗಳನ್ನು ಟಂಗ್‌ಸ್ಟನ್ ಆನೋಡಿಗೆ ಬಡಿಸುವುದು. ಖರ್ಚಾದ ಶಕ್ತಿಯಲ್ಲಿ ಶೇ 99ರಷ್ಟು ಶಾಖವಾಗಿ ಹೋಗುತ್ತದೆ. ತಣ್ಣಗಿರುವ ಟ್ಯೂಬಿಗೆ ಬೆಳಿಗ್ಗೆ ವಾರ್ಮ್‌ಅಪ್ ಕೊಡದೆ ಭಾರಿ ಎಕ್ಸ್‌ಪೋಷರ್ ಹಾಕಿದರೆ ಆನೋಡ್ ಬಿರುಕು ಬಿಡುವುದು ಈ ಶಾಖದಿಂದಲೇ.

ಕೈಯಲ್ಲಿರುವ ಎರಡು ಗುಂಡಿಗಳಲ್ಲಿ ಕೆವಿಪಿ (ಟ್ಯೂಬಿನ ವೋಲ್ಟೇಜು) ಕಿರಣದ ತೀಕ್ಷ್ಣತೆಯನ್ನೂ ಎಂಎಎಸ್ (ಟ್ಯೂಬಿನ ಕರೆಂಟು ಮತ್ತು ಸಮಯದ ಗುಣಲಬ್ಧ) ಅದರ ಪ್ರಮಾಣವನ್ನೂ ನಿರ್ಧರಿಸುತ್ತವೆ. ಕಡಿಮೆ ಕೆವಿಪಿಯಲ್ಲಿ ಫೋಟೋಎಲೆಕ್ಟ್ರಿಕ್ ಹೀರಿಕೆ ಮೇಲುಗೈ ಪಡೆಯುತ್ತದೆ. ಅದು ಪರಮಾಣು ಸಂಖ್ಯೆಯ ಘನಕ್ಕೆ ಅನುಗುಣವಾಗಿ ಏರುವುದರಿಂದ ಕ್ಯಾಲ್ಸಿಯಂ ತುಂಬಿದ ಮೂಳೆ ಎದ್ದು ಕಾಣುತ್ತದೆ. ಕೈಬೆರಳಿಗೆ 50–55 ಕೆವಿಪಿ ಸಾಕು. ಎದೆಗೆ ಹಾಗೆ ಮಾಡಿದರೆ ಪಕ್ಕೆಲುಬುಗಳೇ ಶ್ವಾಸಕೋಶವನ್ನು ಮುಚ್ಚಿಬಿಡುತ್ತವೆ. ಅಲ್ಲಿ 110–125 ಕೆವಿಪಿಗೆ ಹೋಗಿ, ಮೂಳೆಯನ್ನು ಬೇಕೆಂದೇ ಮಸುಕಾಗಿಸುತ್ತೇವೆ. ಆದರೆ ಕೆವಿಪಿ ಏರಿದಂತೆ ಚದುರಿದ ಕಿರಣದ ಕಾಟವೂ ಏರುತ್ತದೆ. 10 ಸೆಂ.ಮೀ.ಗಿಂತ ದಪ್ಪದ ಭಾಗಕ್ಕೆ ಗ್ರಿಡ್ (ಚದುರಿದ ಕಿರಣ ತಡೆಯುವ ಸೀಸದ ಪಟ್ಟಿಗಳ ಜಾಲರಿ) ಬೇಕು. ಗ್ರಿಡ್ ತುಸು ವಾಲಿದರೂ ಚಿತ್ರದ ಒಂದು ಪಕ್ಕ ಬೆಳ್ಳಗಾಗಿ, ಆ ಕಡೆ ನೀರು ತುಂಬಿದೆಯೇನೋ ಎನ್ನಿಸುತ್ತದೆ.

ಎದೆಯ ಪಿಎ (ಕಿರಣ ಬೆನ್ನಿನಿಂದ ಎದೆಯ ಕಡೆಗೆ ಹಾಯುವ) ಚಿತ್ರ ತೆಗೆಯುವ ಕ್ರಮ ಹೀಗೆ. ಟ್ಯೂಬಿನಿಂದ ಡಿಟೆಕ್ಟರಿಗೆ 180 ಸೆಂ.ಮೀ. ಅಂತರ ಇಡಿ. ರೋಗಿ ಡಿಟೆಕ್ಟರಿಗೆ ಎದೆ ಒತ್ತಿ ನಿಲ್ಲಲಿ, ಗಲ್ಲ ಮೇಲೆ. ಭುಜಗಳನ್ನು ಮುಂದಕ್ಕೆ ಹೊರಳಿಸಿದರೆ ಹೆಗಲ ಎಲುಬು ಶ್ವಾಸಕೋಶದ ಮೇಲಿಂದ ಸರಿಯುತ್ತದೆ. ಪೂರ್ತಿ ಉಸಿರು ಎಳೆದು ಹಿಡಿದಾಗಲೇ ಗುಂಡಿ ಒತ್ತಿ. ಚಿತ್ರ ಬಂದ ಮೇಲೆ ಎರಡು ಪರೀಕ್ಷೆ: ವಪೆಯ ಮೇಲೆ ಹಿಂಬದಿಯ 9–10 ಪಕ್ಕೆಲುಬುಗಳು ಎಣಿಕೆಗೆ ಸಿಗಬೇಕು, ಎರಡು ಕೊರಳೆಲುಬುಗಳ ಒಳತುದಿಗಳು ಬೆನ್ನುಮೂಳೆಯ ಮುಳ್ಳಿನಿಂದ ಸಮದೂರದಲ್ಲಿರಬೇಕು. ಮೊದಲನೆಯದು ತಪ್ಪಿದರೆ ಶ್ವಾಸಕೋಶದ ಬುಡದಲ್ಲಿ ಇಲ್ಲದ ನ್ಯುಮೋನಿಯಾ ಕಾಣುತ್ತದೆ, ಎರಡನೆಯದು ತಪ್ಪಿದರೆ ಒಂದು ಶ್ವಾಸಕೋಶ ಇನ್ನೊಂದಕ್ಕಿಂತ ಕಪ್ಪಾಗುತ್ತದೆ. ಹಾಸಿಗೆಯ ಮೇಲೆ ಮಲಗಿಸಿ ಮುಂದಿನಿಂದ ತೆಗೆದ ಎಪಿ ಚಿತ್ರದಲ್ಲಿ ಹೃದಯ ಡಿಟೆಕ್ಟರಿನಿಂದ ದೂರವಿರುವುದರಿಂದ ದೊಡ್ಡದಾಗಿ ಮೂಡುತ್ತದೆ. ಹೃದಯದ ಅಗಲ ಎದೆಯ ಅರ್ಧ ಮೀರಬಾರದೆಂಬ ಅಳತೆಯನ್ನು ಅಲ್ಲಿ ಹಾಕಬೇಡಿ.

ಜಡೆಯನ್ನು ಮರೆಯಬೇಡಿ. ಹೆಗಲ ಮೇಲೆ ಬಿದ್ದ ಜಡೆ ಶ್ವಾಸಕೋಶದ ತುದಿಯಲ್ಲಿ, ಸರಿಯಾಗಿ ಕ್ಷಯ ಕೂರುವ ಜಾಗದಲ್ಲೇ ನೆರಳು ಹಾಕುತ್ತದೆ. ಸೀರೆಯ ಪಿನ್ನು, ಮಾಂಗಲ್ಯ, ತಾಯತ, ಎಲ್ಲವನ್ನೂ ತೆಗೆಸಿ, ಕೂದಲನ್ನು ಮೇಲೆತ್ತಿ ಕಟ್ಟಿಸಿ.

ಡಿಜಿಟಲ್ ಬಂದ ಮೇಲೆ ಹುಟ್ಟಿದ ಹೊಸ ರೋಗವೊಂದಿದೆ. ಫಿಲ್ಮಿನ ಕಾಲದಲ್ಲಿ ಎಕ್ಸ್‌ಪೋಷರ್ ಹೆಚ್ಚಾದರೆ ಚಿತ್ರ ಕರ್ರಗಾಗಿ ತಪ್ಪು ತಾನೇ ಗೊತ್ತಾಗುತ್ತಿತ್ತು. ಈಗ ಸಾಫ್ಟ್‌ವೇರ್ ಎಲ್ಲವನ್ನೂ ಸರಿಪಡಿಸಿ ಚೆಂದ ಕಾಣಿಸುತ್ತದೆ. ರೋಗಿಗೆ ದುಪ್ಪಟ್ಟು ಕಿರಣ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ಚಿತ್ರದ ಜೊತೆ ಬರುವ ಡೀವಿಯೇಷನ್ ಇಂಡೆಕ್ಸ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಸೊನ್ನೆ ಇದ್ದರೆ ಗುರಿ ಮುಟ್ಟಿದಂತೆ, +3 ಇದ್ದರೆ ಹೋಗಬೇಕಾದ್ದಕ್ಕಿಂತ ಎರಡು ಪಟ್ಟು ಹೋಗಿದೆ, −3 ಇದ್ದರೆ ಅರ್ಧ ಮಾತ್ರ.

ಸಿಟಿ: ಚಿತ್ರವಲ್ಲ, ಅಂಕಿಗಳ ಕೋಷ್ಟಕ

1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳಿನ ಸಿಟಿ ನಡೆಯಿತು. ಯಂತ್ರ ಕಟ್ಟಿದ ಹೌನ್ಸ್‌ಫೀಲ್ಡ್‌ಗೂ ಅದರ ಗಣಿತ ರೂಪಿಸಿದ ಕಾರ್ಮ್ಯಾಕ್‌ಗೂ 1979ರ ನೊಬೆಲ್ ಬಂತು. ಟ್ಯೂಬು ಸುತ್ತುತ್ತಾ ನೂರಾರು ಕೋನಗಳಿಂದ ಅಳೆದದ್ದನ್ನು ಕಂಪ್ಯೂಟರ್ ಲೆಕ್ಕ ಹಾಕಿ, ಪ್ರತಿ ಚುಕ್ಕೆಗೂ ಒಂದು ಹೌನ್ಸ್‌ಫೀಲ್ಡ್ ಸಂಖ್ಯೆ ಕೊಡುತ್ತದೆ. ನೀರು 0, ಗಾಳಿ −1000, ಕೊಬ್ಬು −50ರಿಂದ −100, ಮೃದು ಅಂಗಾಂಶ 30–60, ಹೊಸದಾಗಿ ಹೆಪ್ಪುಗಟ್ಟಿದ ರಕ್ತ 50–80, ಗಟ್ಟಿ ಮೂಳೆ ಸಾವಿರದ ಆಚೀಚೆ.

ಪರದೆ ಇಷ್ಟು ವ್ಯಾಪ್ತಿಯನ್ನು ಒಟ್ಟಿಗೆ ತೋರಿಸಲಾರದು, ಕಣ್ಣೂ ನೋಡಲಾರದು. ಅದಕ್ಕೇ ವಿಂಡೋ: ಬೇಕಾದಷ್ಟು ವ್ಯಾಪ್ತಿಯ ಸಂಖ್ಯೆಗಳನ್ನಷ್ಟೇ ಕಪ್ಪಿನಿಂದ ಬಿಳಿಯವರೆಗೆ ಹರಡಿ ತೋರಿಸುವುದು. ಮೆದುಳಿಗೆ ಅಗಲ 80, ಮಧ್ಯ 40. ಹೊಟ್ಟೆಗೆ 400 ಮತ್ತು 40. ಶ್ವಾಸಕೋಶಕ್ಕೆ 1500 ಮತ್ತು −600. ಮೂಳೆಗೆ 2000 ಮತ್ತು 500. ಲಕ್ವದ ಅನುಮಾನವಿದ್ದಾಗ ಅಗಲವನ್ನು 40ಕ್ಕೆ ಇಳಿಸಿ ನೋಡಿ. ಬೂದು ಮತ್ತು ಬಿಳಿ ಭಾಗಗಳ ನಡುವಿನ ಗೆರೆ ಅಳಿಸಿಹೋಗುತ್ತಿರುವುದು ಆಗ ಸಿಗುತ್ತದೆ. ತಲೆಗೆ ಪೆಟ್ಟಾದ ರೋಗಿಯನ್ನು ಮೆದುಳಿನ ವಿಂಡೋದಲ್ಲಿ ಮಾತ್ರ ನೋಡಿ ಕಳಿಸಿದರೆ ತಲೆಬುರುಡೆಯ ಬಿರುಕು ತಪ್ಪಿಹೋಗುತ್ತದೆ.

ಲಕ್ವಕ್ಕೆ ಮೊದಲು ಸಿಟಿ ಏಕೆ ಎಂದು ಹಲವರು ಕೇಳುತ್ತಾರೆ. ರಕ್ತ ಸಿಗದೆ ಆದ ಲಕ್ವ ಮೊದಲ ಕೆಲವು ಗಂಟೆ ಸಿಟಿಯಲ್ಲಿ ಕಾಣದೇ ಹೋಗಬಹುದು, ನಿಜ. ಆದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಗಡುವು 4.5 ಗಂಟೆ, ಅದನ್ನು ಕೊಡುವ ಮುನ್ನ ಗೊತ್ತಾಗಬೇಕಾದದ್ದು ರಕ್ತಸ್ರಾವ ಇಲ್ಲವೆಂಬುದು. ಅದನ್ನು ಸಿಟಿ ಕೆಲವೇ ಸೆಕೆಂಡಿನಲ್ಲಿ ಹೇಳುತ್ತದೆ, ರೋಗಿಯ ಮೈಯಲ್ಲಿ ಯಾವ ಲೋಹವಿದೆಯೆಂದು ಕೇಳುತ್ತಾ ಕೂರಬೇಕಿಲ್ಲ.

ಅಯೋಡಿನ್ ಕಾಂಟ್ರಾಸ್ಟ್ ಕೆಲಸ ಮಾಡುವುದು ಅದರ 33 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಬಳಿಯ ಹೀರಿಕೆಯ ಜಿಗಿತದಿಂದ. ಸಣಕಲು ರೋಗಿಗೆ 120ರ ಬದಲು 100 ಕೆವಿಪಿ ಹಾಕಿದರೆ ರಕ್ತನಾಳ ಇನ್ನೂ ಬೆಳ್ಳಗೆ ಕಾಣುತ್ತದೆ, ಡೋಸೂ ಇಳಿಯುತ್ತದೆ. ಮಾಡುವ ಕ್ರಮ:

1. ಕ್ರಿಯಾಟಿನಿನ್ ನೋಡಿ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಅಂದಾಜು) ಲೆಕ್ಕ ಹಾಕಿ. 30ಕ್ಕಿಂತ ಕಡಿಮೆಯಿದ್ದರೆ ರೇಡಿಯಾಲಜಿಸ್ಟರನ್ನು ಕೇಳದೆ ಮುಂದುವರಿಯಬೇಡಿ. ಅಂಥವರು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಸ್ಕ್ಯಾನಿನಿಂದ 48 ಗಂಟೆ ನಿಲ್ಲಿಸಿ, ಕಿಡ್ನಿ ಪರೀಕ್ಷೆ ಮಾಡಿಸಿ ಮತ್ತೆ ಶುರುಮಾಡಬೇಕು.
2. ಹಿಂದೆ ಕಾಂಟ್ರಾಸ್ಟಿಗೆ ಮೈ ಕೆರೆತ, ಉಬ್ಬಸ ಬಂದಿತ್ತೇ ಎಂದು ಕೇಳಿ. ಸಿಗಡಿ, ಮೀನು ಒಗ್ಗದಿರುವುದಕ್ಕೂ ಇದಕ್ಕೂ ವಿಶೇಷ ಸಂಬಂಧವಿಲ್ಲ. ಕರಾವಳಿಯಲ್ಲಿ ಎಷ್ಟೋ ಜನರ ಸ್ಕ್ಯಾನ್ ಸುಮ್ಮನೆ ಮುಂದೆ ಹೋಗುವುದು ಈ ತಪ್ಪು ನಂಬಿಕೆಯಿಂದ.
3. ಮೊಣಕೈ ಮಡಿಕೆಯ ರಕ್ತನಾಳಕ್ಕೆ 18 ಅಥವಾ 20 ಗೇಜ್ ಕ್ಯಾನುಲಾ ಹಾಕಿ, ಸಲೈನ್ ಹರಿಸಿ ಬೆರಳಿನಿಂದ ಮುಟ್ಟಿ ನೋಡಿ. ಊತ ಬಂದರೆ ಜಾಗ ಬದಲಿಸಿ.
4. ಪ್ರತಿ ಮಿ.ಲೀ.ಗೆ 300–370 ಮಿ.ಗ್ರಾಂ ಅಯೋಡಿನ್ ಇರುವ ಔಷಧಿಯನ್ನು ಪ್ರತಿ ಕಿಲೋ ತೂಕಕ್ಕೆ 1–1.5 ಮಿ.ಲೀ.ನಂತೆ, ಸೆಕೆಂಡಿಗೆ 3–5 ಮಿ.ಲೀ. ವೇಗದಲ್ಲಿ ಕೊಡಿ. ಮೈ ಬಿಸಿಯಾದಂತೆ, ಮೂತ್ರ ಹೋದಂತೆ ಅನ್ನಿಸುತ್ತದೆಂದು ಮೊದಲೇ ಹೇಳಿ. ಹೇಳದಿದ್ದರೆ ರೋಗಿ ಗಾಬರಿಯಾಗಿ ಅಲುಗಾಡುತ್ತಾರೆ.
5. ಅಪಧಮನಿಯ ಹಂತಕ್ಕೆ 25–35 ಸೆಕೆಂಡು, ಪಿತ್ತಜನಕಾಂಗದ ಪೋರ್ಟಲ್ ಹಂತಕ್ಕೆ ಸುಮಾರು 70 ಸೆಕೆಂಡು ಕಾಯಿರಿ. ಹೃದಯ ದುರ್ಬಲವಿದ್ದವರಲ್ಲಿ ಈ ಲೆಕ್ಕ ಕೈಕೊಡುತ್ತದೆ. ಕಾಂಟ್ರಾಸ್ಟ್ ರಕ್ತನಾಳ ತಲುಪಿದ್ದನ್ನು ನೋಡಿಕೊಂಡು ಸ್ಕ್ಯಾನ್ ಶುರುಮಾಡುವ ಬೋಲಸ್ ಟ್ರ್ಯಾಕಿಂಗ್ ಬಳಸಿ.

‘ಹೊಟ್ಟೆ ಖಾಲಿ ಇರಲಿ’ ಎಂದು ನೀರನ್ನೂ ನಿಲ್ಲಿಸುವ ರೂಢಿ ಕೆಟ್ಟದ್ದು. ಅರಿವಳಿಕೆ ಕೊಡದಿದ್ದರೆ ನೀರು ಕುಡಿದು ಬರಲಿ, ಕಿಡ್ನಿಗೆ ಒಳ್ಳೆಯದು. ಅಡ್ರಿನಾಲಿನ್ ಕೈಗೆಟಕುವಂತೆ ಇರಬೇಕು. ತೀವ್ರ ಅಲರ್ಜಿಯಾದ ವಯಸ್ಕರಿಗೆ 1:1000ರ ದ್ರಾವಣ 0.3–0.5 ಮಿ.ಲೀ., ತೊಡೆಯ ಸ್ನಾಯುವಿಗೆ.

ಹೆಚ್ಚು ಮಂದಿ ಕಡೆಗಣಿಸುವ ಸಂಗತಿ ಮೇಜಿನ ಎತ್ತರ. ರೋಗಿ ಗ್ಯಾಂಟ್ರಿಯ (ಟ್ಯೂಬು ಸುತ್ತುವ ಉಂಗುರದ) ನಟ್ಟನಡುವೆ ಇರಬೇಕು. ಸ್ಕ್ಯಾನಿಗೆ ಮೊದಲಿನ ಅಂದಾಜು ಚಿತ್ರ (ಸ್ಕೌಟ್) ತೆಗೆಯುವಾಗ ಟ್ಯೂಬಿಗೆ ಹತ್ತಿರವಿದ್ದರೆ ದೇಹ ದಪ್ಪಗೆ ಕಂಡು, ಯಂತ್ರ ತಾನಾಗಿಯೇ ಮಿಲಿ ಆಂಪಿಯರ್ ಏರಿಸುತ್ತದೆ; ದೂರವಿದ್ದರೆ ಇಳಿಸಿ, ಚಿತ್ರ ಕಾಳುಕಾಳಾಗುತ್ತದೆ. ಲೇಸರ್ ಗೆರೆ ಮೈಯ ಪಕ್ಕದ ನಡುಮಟ್ಟಕ್ಕೆ ಬರುವಂತೆ ಇಡುವುದಕ್ಕೆ ಹತ್ತು ಸೆಕೆಂಡು ಸಾಕು. ಚಿತ್ರದಲ್ಲಿ ವೃತ್ತ ಮೂಡಿದರೆ ಒಂದು ಡಿಟೆಕ್ಟರ್ ಕೆಟ್ಟಿದೆ ಅಥವಾ ಕ್ಯಾಲಿಬ್ರೇಷನ್ ಹೋಗಿದೆ. ಎರಡು ಕಿವಿಯ ಗಟ್ಟಿ ಮೂಳೆಗಳ ನಡುವೆ ಮೆದುಳುಕಾಂಡದ ಮೇಲೆ ಕಪ್ಪು ಪಟ್ಟಿ ಬಂದರೆ ಅದು ಕಿರಣ ಗಟ್ಟಿಯಾದದ್ದರ (ಮೂಳೆ ದುರ್ಬಲ ಕಿರಣವನ್ನು ಹೀರಿ ತೀಕ್ಷ್ಣವಾದದ್ದನ್ನಷ್ಟೇ ಬಿಟ್ಟದ್ದರ) ಫಲ, ರೋಗವಲ್ಲ. ಆ ಜಾಗಕ್ಕೆ ಎಂಆರ್‌ಐಯೇ ಸರಿ.

ಡೋಸಿನ ಅಂದಾಜು: ಎದೆಯ ಒಂದು ಪಿಎ ಎಕ್ಸ್‌ರೇ 0.02 ಮಿಲಿಸೀವರ್ಟ್ (ದೇಹಕ್ಕೆ ತಗಲಿದ ವಿಕಿರಣದ ಅಳತೆ), ತಲೆಯ ಸಿಟಿ ಸುಮಾರು 2, ಹೊಟ್ಟೆಯದು 8–10. ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ಬರುವುದು ಜಾಗತಿಕ ಸರಾಸರಿ 2.4. ಹೊಟ್ಟೆಯ ಸಿಟಿಯ ಭಯಕ್ಕೆ ಬೇಕಾದ ಪರೀಕ್ಷೆ ಬಿಡುವುದೂ ತಪ್ಪು, ಅದೇ ಕಲ್ಲಿಗೆ ತಿಂಗಳಿಗೊಮ್ಮೆ ಸಿಟಿ ಮಾಡಿಸುವುದೂ ತಪ್ಪು. ಇವೆರಡರಲ್ಲಿ ಎರಡನೆಯದೇ ಹೆಚ್ಚು ನಡೆಯುತ್ತದೆ.

ಅಲ್ಟ್ರಾಸೌಂಡ್: ಕೈಚಳಕದ ಯಂತ್ರ

ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಯಂತ್ರ ನಂಬಿರುತ್ತದೆ. ಒಂದು ಸೆಂ.ಮೀ. ಆಳಕ್ಕೆ ಹೋಗಿ ಬರಲು 13 ಮೈಕ್ರೋಸೆಕೆಂಡು. ಈ ಒಂದು ಲೆಕ್ಕದಿಂದಲೇ ಅರ್ಧ ಗುಂಡಿಗಳ ಗುಟ್ಟು ಬಿಡುತ್ತದೆ: ಆಳವನ್ನು ಸುಮ್ಮನೆ 20 ಸೆಂ.ಮೀ.ಗೆ ಇಟ್ಟರೆ ಪ್ರತಿ ಗೆರೆಗೂ ಕಾಯಬೇಕು, ಚಿತ್ರ ತಡವರಿಸುತ್ತದೆ. ಬೇಕಾದ ಅಂಗ ಪರದೆಯ ಮುಕ್ಕಾಲು ಭಾಗ ತುಂಬುವಷ್ಟೇ ಆಳ ಇಡಿ.

ಮೈಮೇಲೆ ಇಟ್ಟು ಶಬ್ದ ಕಳಿಸುವ ಪ್ರೋಬ್ ಆರಿಸುವುದಕ್ಕೂ ಲೆಕ್ಕವಿದೆ. ಪ್ರತಿ ಸೆಂ.ಮೀ.ಗೆ, ಪ್ರತಿ ಮೆಗಾಹರ್ಟ್ಸ್‌ಗೆ ಶಬ್ದ ಸುಮಾರು 0.5 ಡೆಸಿಬೆಲ್ ಕುಗ್ಗುತ್ತದೆ. 15 ಸೆಂ.ಮೀ. ಆಳಕ್ಕೆ ಹೋಗಿ ಬರುವ 30 ಸೆಂ.ಮೀ. ಹಾದಿಯಲ್ಲಿ 3.5 ಮೆಗಾಹರ್ಟ್ಸ್ ಕಳೆದುಕೊಳ್ಳುವುದು ಸುಮಾರು 52 ಡೆಸಿಬೆಲ್. 10 ಮೆಗಾಹರ್ಟ್ಸ್ ಆದರೆ 150, ಅಂದರೆ ಏನೂ ಹಿಂದಿರುಗದು. ಆದರೆ 3.5ರಲ್ಲಿ ತರಂಗದುದ್ದ 0.44 ಮಿ.ಮೀ., 10ರಲ್ಲಿ 0.15. ಹೊಟ್ಟೆಗೆ 2–5ರ ಬಾಗಿದ ಪ್ರೋಬ್, ಥೈರಾಯ್ಡ್, ಸ್ತನ, ವೃಷಣಕ್ಕೆ 7–15ರ ನೇರ ಪ್ರೋಬ್.

ಗಾಳಿ ಮತ್ತು ಮೂಳೆ ಇದರ ಶತ್ರುಗಳು. ಚರ್ಮದ ಮೇಲಿನ ಗಾಳಿಯ ತೆಳುಪದರವೂ ಶಬ್ದವನ್ನು ಬಹುತೇಕ ಪೂರ್ತಿ ಹಿಂದಕ್ಕೆ ತಳ್ಳುವುದರಿಂದ ಜೆಲ್ ಬೇಕು. ಪಿತ್ತಕೋಶ ನೋಡಲು 6 ಗಂಟೆ ಉಪವಾಸ, ಇಲ್ಲವಾದರೆ ಅದು ಮುದುಡಿ ಕಲ್ಲು ಅಡಗುತ್ತದೆ. ಬೆಳಗಿನ ಒಂದು ಲೋಟ ಹಾಲಿನ ಕಾಫಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹೊಟ್ಟೆಯ ಮೇಲಿಂದ ಗರ್ಭಕೋಶ ನೋಡಲು ಒಂದು ಗಂಟೆ ಮೊದಲು ಸುಮಾರು ಒಂದು ಲೀಟರ್ ನೀರು ಕುಡಿಸಿ. ತುಂಬಿದ ಮೂತ್ರಕೋಶ ಕರುಳನ್ನು ತಳ್ಳಿ ದಾರಿ ಬಿಡಿಸುತ್ತದೆ. ದೋಷಗಳೇ ಇಲ್ಲಿ ಕೆಲವೊಮ್ಮೆ ಉಪಕಾರಿ. ಕಲ್ಲಿನ ಹಿಂದೆ ಬೀಳುವ ನೆರಳೇ ಅದು ಕಲ್ಲೆಂಬುದಕ್ಕೆ ಸಾಕ್ಷಿ, ನೀರುಗುಳ್ಳೆಯ ಹಿಂದಿನ ಬೆಳಕೇ ಅದು ನೀರೆಂಬುದಕ್ಕೆ.

ರಕ್ತದ ವೇಗ ಅಳೆಯುವ ಡಾಪ್ಲರಿನಲ್ಲಿ ಶಬ್ದಕ್ಕೂ ರಕ್ತದ ಹರಿವಿಗೂ ನಡುವಿನ ಕೋನ 60 ಡಿಗ್ರಿ ದಾಟಬಾರದು ಎನ್ನುವುದು ಬಾಯಿಪಾಠದ ನಿಯಮವಲ್ಲ. ವೇಗದ ಲೆಕ್ಕದಲ್ಲಿ ಕೋನದ ಕೊಸೈನ್ ಇದೆ. ನಿಜವಾದ ಕೋನ 65 ಇದ್ದು ನೀವು 60 ಇಟ್ಟರೆ ವೇಗ ಶೇ 15ರಷ್ಟು ತಪ್ಪುತ್ತದೆ. 85 ಇದ್ದು 80 ಇಟ್ಟರೆ ಅರ್ಧಕ್ಕರ್ಧ. ಕುತ್ತಿಗೆಯ ರಕ್ತನಾಳ ಎಷ್ಟು ಕಿರಿದಾಗಿದೆ ಎಂಬ ತೀರ್ಮಾನ ಈ ಸಂಖ್ಯೆಯ ಮೇಲೆ ನಿಂತಿರುತ್ತದೆ.

ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಫಾರ್ಮ್ ಎಫ್ ತುಂಬಬೇಕು. ಲಿಂಗ ತಿಳಿಸುವುದು ಅಪರಾಧ, ಸನ್ನೆಯಲ್ಲೂ. ಫಾರ್ಮಿನಲ್ಲಿ ಖಾಲಿ ಬಿಟ್ಟ ಕಲಂ ಕೂಡ ತೊಂದರೆಗೆ ದಾರಿ, ಆದ್ದರಿಂದ ರೋಗಿ ಮೇಜಿನಿಂದ ಇಳಿಯುವ ಮುನ್ನವೇ ತುಂಬಿಸಿ.

ಎಂಆರ್‌ಐ: ಅಯಸ್ಕಾಂತ ಯಾವತ್ತೂ ಆರುವುದಿಲ್ಲ

ಬಲವಾದ ಕಾಂತಕ್ಷೇತ್ರದಲ್ಲಿ ಹೈಡ್ರೋಜನ್ ಪ್ರೋಟಾನು ಪ್ರತಿ ಟೆಸ್ಲಾಕ್ಕೆ 42.58 ಮೆಗಾಹರ್ಟ್ಸ್‌ನಲ್ಲಿ ಸುತ್ತುತ್ತದೆ. 1.5 ಟೆಸ್ಲಾದಲ್ಲಿ ಸುಮಾರು 64, 3 ಟೆಸ್ಲಾದಲ್ಲಿ ಸುಮಾರು 128. ಅದೇ ಆವರ್ತನದ ರೇಡಿಯೋ ತರಂಗ ಕೊಟ್ಟು ಕದಲಿಸಿ, ಪ್ರೋಟಾನುಗಳು ಹಿಂದಿರುಗುವಾಗ ಹೊಮ್ಮಿಸುವ ಸಂಕೇತ ಹಿಡಿಯುತ್ತೇವೆ. ಎಫ್‌ಎಂ ರೇಡಿಯೋದ 88–108 ಮೆಗಾಹರ್ಟ್ಸ್ ಪಟ್ಟಿ ಈ ಎರಡರ ನಡುವೆಯೇ ಇದೆ. ಕೋಣೆಗೆ ತಾಮ್ರದ ಹೊದಿಕೆ ಇರುವುದು ಹೊರಗಿನ ಇಂಥ ಸದ್ದು ಒಳಬರದಂತೆ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಚಿತ್ರದ ಉದ್ದಕ್ಕೂ ಜಿಪ್ಪಿನಂಥ ಗೆರೆ ಬೀಳುತ್ತದೆ. ಗೆರೆ ಕಂಡಾಗ ಎಂಜಿನಿಯರನ್ನು ಕರೆಯುವ ಮೊದಲು ಬಾಗಿಲ ಅಂಚಿನ ತಾಮ್ರದ ಪಟ್ಟಿ ನೋಡಿ.

ಟಿ1 ಚಿತ್ರದಲ್ಲಿ ಕೊಬ್ಬು ಬೆಳ್ಳಗೆ, ನೀರು ಕಪ್ಪು: ಟಿಆರ್ (ಒಂದು ರೇಡಿಯೋ ಬಡಿತದಿಂದ ಮುಂದಿನದಕ್ಕೆ ಇರುವ ಸಮಯ) 400–600, ಟಿಇ (ಬಡಿತದಿಂದ ಸಂಕೇತ ಹಿಡಿಯುವವರೆಗಿನ ಸಮಯ) 10–15 ಮಿಲಿಸೆಕೆಂಡು. ಟಿ2ದಲ್ಲಿ ನೀರು ಬೆಳ್ಳಗೆ: ಟಿಆರ್ 3000 ಮೇಲೆ, ಟಿಇ 80–120. ಹೆಚ್ಚಿನ ಕಾಯಿಲೆಗಳು ನೀರನ್ನು ಹೆಚ್ಚಿಸುವುದರಿಂದ ಟಿ2ದಲ್ಲಿ ಹುಡುಕಿ, ಟಿ1ರಲ್ಲಿ ರಚನೆ ನೋಡುತ್ತೇವೆ. ನೀರಿನ ಅಣುಗಳ ಓಡಾಟ ತೋರಿಸುವ ಡಿಫ್ಯೂಷನ್ ಚಿತ್ರ ಲಕ್ವವನ್ನು ಹಲವು ಬಾರಿ ಮೊದಲ ಗಂಟೆಯೊಳಗೇ ತೋರಿಸುತ್ತದೆ. ಆದರೆ ಆ ಓಡಾಟವನ್ನು ಅಳತೆಯಾಗಿ ತೋರಿಸುವ ಎಡಿಸಿ ಚಿತ್ರದಲ್ಲಿ ಅದೇ ಜಾಗ ಕಪ್ಪಾಗಿದೆಯೇ ಎಂದು ನೋಡದೆ ಹೊಸ ಲಕ್ವ ಎನ್ನಬೇಡಿ. ಹಳೆಯ ಗಾಯದ ಟಿ2 ಹೊಳಪೂ ಹಾಗೇ ಬೆಳ್ಳಗೆ ಕಾಣುತ್ತದೆ.

ಇನ್ನು ಅಪಾಯ. ಈ ಅಯಸ್ಕಾಂತ −269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿದ ನಯೋಬಿಯಂ–ಟೈಟಾನಿಯಂ ಸುರುಳಿ. ಕರೆಂಟು ಹೋದರೂ, ಸ್ಕ್ಯಾನ್ ನಡೆಯದಿದ್ದರೂ, ರಾತ್ರಿಯೂ ಅದು ಎಳೆಯುತ್ತಲೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಯೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋಗಿ ಪ್ರಾಣ ಕಳೆದುಕೊಂಡರು. ಆದ್ದರಿಂದ:

ಬಾಗಿಲ ಹೊರಗೇ ಎರಡು ಸಲ ಪರೀಕ್ಷೆ ಮಾಡಿ, ಮೊದಲು ಬರವಣಿಗೆಯಲ್ಲಿ, ಆಮೇಲೆ ಬಾಯಲ್ಲಿ. ಪೇಸ್‌ಮೇಕರ್, ಮೆದುಳಿನ ಅನ್ಯೂರಿಸಂ ಕ್ಲಿಪ್, ಕಾಕ್ಲಿಯರ್ ಇಂಪ್ಲಾಂಟ್, ಕಣ್ಣಿಗೆ ಸಿಡಿದ ಲೋಹದ ಚೂರು, ಇವನ್ನು ಹೆಸರು ಹೇಳಿ ಕೇಳಿ. ವೆಲ್ಡಿಂಗ್ ಅಥವಾ ಲೇತ್ ಕೆಲಸ ಮಾಡಿದವರಾದರೆ ಕಣ್ಣಿನ ಎಕ್ಸ್‌ರೇ ತೆಗೆಸಿ. ಇಂಪ್ಲಾಂಟ್ ಇದ್ದರೆ ಅದರ ಕಾರ್ಡಿನಲ್ಲಿ ಎಷ್ಟು ಟೆಸ್ಲಾವರೆಗೆ, ಯಾವ ಷರತ್ತಿನಲ್ಲಿ ಎಂದು ಬರೆದಿರುವುದನ್ನು ಓದಿ. ‘ಟೈಟಾನಿಯಂ ಅಂತೆ’ ಎಂಬ ಮಾತು ಸಾಲದು. ಕಾಲುಂಗುರ, ಉಡಿದಾರ, ಮೂಗುಬೊಟ್ಟು, ತಾಯತ, ಹೇರ್‌ಪಿನ್ ಎಲ್ಲವೂ ಹೊರಗೆ. ಚಿನ್ನ, ಬೆಳ್ಳಿಯನ್ನು ಅಯಸ್ಕಾಂತ ಎಳೆಯದು, ಆದರೆ ಉಂಗುರದಾಕಾರದ ಲೋಹದಲ್ಲಿ ವಿದ್ಯುತ್ ಹರಿದು ಬಿಸಿಯಾಗುತ್ತದೆ. ಅದೇ ಕಾರಣಕ್ಕೆ ರೋಗಿಯ ಕೈಗಳನ್ನು ಕೂಡಿಸಬೇಡಿ, ಬರಿ ತೊಡೆಗಳು ಒಂದಕ್ಕೊಂದು ತಾಗದಂತೆ ನಡುವೆ ಬಟ್ಟೆ ಅಥವಾ ಪ್ಯಾಡ್ ಇಡಿ, ಇಸಿಜಿ ವೈರನ್ನು ಸುತ್ತಿ ಬಿಡಬೇಡಿ. ಚರ್ಮ ಸುಟ್ಟ ಪ್ರಕರಣಗಳಲ್ಲಿ ಹೆಚ್ಚಿನವು ಇಂಥ ಸುರುಳಿಗಳಿಂದ. ಕಿವಿಗೆ ಬಿರಡೆ ಎಲ್ಲರಿಗೂ, ಒಳಗೆ ಕೂತ ಜೊತೆಗಾರರಿಗೂ.

ರೋಗಿಯ ಹೃದಯ ನಿಂತರೆ ಕೋಣೆಯೊಳಗೆ ಚಿಕಿತ್ಸೆ ಶುರುಮಾಡುವ ಸಾಮಾನು ತರಬೇಡಿ. ಲೋಹವಿಲ್ಲದ ಟ್ರಾಲಿಯಲ್ಲಿ ಹೊರಗೆ ತನ್ನಿ, ಎದೆ ಒತ್ತುವುದನ್ನು ದಾರಿಯಲ್ಲೇ ಶುರುಮಾಡಿ, ಬಾಗಿಲು ಮುಚ್ಚಿ. ಹೀಲಿಯಂ ಹೊರಬಿಟ್ಟು ಅಯಸ್ಕಾಂತವನ್ನು ಆರಿಸುವ ಕ್ವೆಂಚ್ ಗುಂಡಿ ಒತ್ತಿದರೂ ಕ್ಷೇತ್ರ ಇಳಿಯಲು ಒಂದು ನಿಮಿಷಕ್ಕೂ ಹೆಚ್ಚು ಬೇಕು, ಹೀಲಿಯಂ ಕೋಣೆಗೆ ನುಗ್ಗಿದರೆ ಉಸಿರು ಕಟ್ಟುತ್ತದೆ. ಮನುಷ್ಯ ಸಿಕ್ಕಿಕೊಂಡಾಗ ಮಾತ್ರ ಅದನ್ನು ಒತ್ತಿ, ಸ್ಟೆತಸ್ಕೋಪು ಅಂಟಿಕೊಂಡಾಗ ಅಲ್ಲ.

ಪೆಟ್ ಮತ್ತು ಗಾಮಾ ಕ್ಯಾಮೆರಾ

ಇಲ್ಲಿ ಕಿರಣ ಹೊರಡುವುದು ರೋಗಿಯೊಳಗಿನಿಂದ. ಗಾಮಾ ಕ್ಯಾಮೆರಾಗೆ ಟೆಕ್ನೀಷಿಯಂ–99ಎಂ: 140 ಕಿಲೋ ಎಲೆಕ್ಟ್ರಾನ್‌ವೋಲ್ಟ್, ಅರ್ಧಾಯುಷ್ಯ 6 ಗಂಟೆ. ಮೂಳೆಯ ಸ್ಕ್ಯಾನಿಗೆ ಇಂಜೆಕ್ಷನ್ ಆಗಿ 2–4 ಗಂಟೆ ಕಾಯಿಸಿ, ನೀರು ಕುಡಿಸಿ, ಮೂತ್ರ ಮಾಡಿಸಿ ತೆಗೆಯುತ್ತೇವೆ. ಪೆಟ್‌ಗೆ ಫ್ಲೋರಿನ್–18: ಅರ್ಧಾಯುಷ್ಯ 110 ನಿಮಿಷ, ಪಾಸಿಟ್ರಾನ್ ನಾಶವಾದಾಗ ತಲಾ 511 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಎರಡು ಫೋಟಾನುಗಳು ಎದುರುಬದುರು ಹಾರುತ್ತವೆ. ಪೆಟ್ ಬೇರ್ಪಡಿಸಿ ತೋರಿಸಬಲ್ಲ ಕನಿಷ್ಠ ಅಳತೆ 4–6 ಮಿ.ಮೀ.; ಅದಕ್ಕಿಂತ ಪುಟ್ಟ ಗಂಟು ಕಾಣಲಿಲ್ಲವೆಂದರೆ ಇಲ್ಲವೆಂದಲ್ಲ.

ಪೆಟ್‌ಗೆ ಕೊಡುವ, ಫ್ಲೋರಿನ್–18 ಸೇರಿಸಿದ ಔಷಧಿ ಎಫ್‌ಡಿಜಿ ಸಕ್ಕರೆಯ ರೂಪ. ಹೀಗಾಗಿ ಕನಿಷ್ಠ 4–6 ಗಂಟೆ ಉಪವಾಸ, ರಕ್ತದ ಸಕ್ಕರೆ 200 ಮಿ.ಗ್ರಾಂ ಒಳಗೆ. ಹಿಂದಿನ ದಿನ ಓಟ, ಭಾರ ಎತ್ತುವ ಕೆಲಸ ಬೇಡ. ಇಂಜೆಕ್ಷನ್ ಆದ ಮೇಲೆ ಒಂದು ಗಂಟೆ ಬೆಚ್ಚಗೆ ಹೊದ್ದು ಮಾತಿಲ್ಲದೆ ಮಲಗಬೇಕು. ಚಳಿಯಾದರೆ ಕುತ್ತಿಗೆಯ ಕಂದು ಕೊಬ್ಬು ಹೊತ್ತಿಕೊಂಡು ಗಂಟಿನಂತೆ ತೋರುತ್ತದೆ. ಎಲೆ ಅಡಿಕೆ ಜಗಿದರೆ ದವಡೆಯ ಸ್ನಾಯು ಬೆಳಗುತ್ತದೆ. ಬಾಯಿ ಕ್ಯಾನ್ಸರ್‌ ರೋಗಿಯಲ್ಲಿ ಇದು ಓದುವವರನ್ನು ನೇರವಾಗಿ ದಾರಿ ತಪ್ಪಿಸುತ್ತದೆ. ಅರ್ಧ ಗಂಟೆ ಮೊದಲು ಇನ್ಸುಲಿನ್ ಕೊಟ್ಟಿದ್ದರೆ ಔಷಧಿಯೆಲ್ಲ ಸ್ನಾಯುಗಳಿಗೇ ಹೋಗಿ, ದುಬಾರಿ ಸ್ಕ್ಯಾನ್ ವ್ಯರ್ಥ.

ಬರೆದುಕೊಡುವಾಗ

ಮೊಣಕಾಲಿನ ಲಿಗಮೆಂಟ್, ಡಿಸ್ಕ್, ಬೆನ್ನುಹುರಿ, ಪಿತ್ತನಾಳದ ಕವಲುಗಳಿಗೆ ಎಂಆರ್‌ಐ. ಶ್ವಾಸಕೋಶದ ವಿವರ, ಅಪಘಾತ, ಶ್ವಾಸಕೋಶದ ರಕ್ತನಾಳದ ಹೆಪ್ಪಿಗೆ ಸಿಟಿ. ಮಕ್ಕಳ ಅಪೆಂಡಿಕ್ಸ್, ಗರ್ಭಿಣಿಯ ಹೊಟ್ಟೆನೋವಿಗೆ ಮೊದಲು ಅಲ್ಟ್ರಾಸೌಂಡ್, ಅದು ಉತ್ತರಿಸದಿದ್ದರೆ ಗರ್ಭಿಣಿಗೆ ಕಾಂಟ್ರಾಸ್ಟ್ ಇಲ್ಲದ ಎಂಆರ್‌ಐ. ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಎಂಬುದಕ್ಕೆ ಪೆಟ್, ಆದರೆ ಮೆದುಳು ತಾನೇ ಸಕ್ಕರೆ ತಿನ್ನುವುದರಿಂದ ಅಲ್ಲಿಯ ಹರಡುವಿಕೆಗೆ ಎಂಆರ್‌ಐ ಬೇಕೇ ಬೇಕು.

ಚೀಟಿಯಲ್ಲಿ ‘ಹೊಟ್ಟೆನೋವು, ಸಿಟಿ’ ಎಂದು ಬರೆದರೆ ಟೆಕ್ನೀಷಿಯನ್ನರಿಗೆ ಕಾಂಟ್ರಾಸ್ಟ್ ಬೇಕೋ ಬೇಡವೋ, ಯಾವ ಹಂತ ಎಂದು ತಿಳಿಯದು. ‘ಬಲ ಪಕ್ಕೆ ನೋವು 2 ದಿನ, ಮೂತ್ರದಲ್ಲಿ ರಕ್ತ, ಮೂತ್ರನಾಳದ ಕಲ್ಲು?’ ಎಂದರೆ ಅವರೇ ಕಡಿಮೆ ಡೋಸಿನ, ಕಾಂಟ್ರಾಸ್ಟ್ ರಹಿತ ಪ್ರೋಟೋಕಾಲ್ ಆರಿಸುತ್ತಾರೆ. ಎಡವೋ ಬಲವೋ, ಕ್ರಿಯಾಟಿನಿನ್, ಹಿಂದಿನ ಶಸ್ತ್ರಚಿಕಿತ್ಸೆ, ಇಂಪ್ಲಾಂಟ್, ಅಲರ್ಜಿ, ಮಹಿಳೆಯರಾದರೆ ಕೊನೆಯ ಮುಟ್ಟಿನ ದಿನಾಂಕ ಬರೆಯಿರಿ. ಹಳೆಯ ಸ್ಕ್ಯಾನಿನ ಸಿಡಿ ಅಥವಾ ಡೈಕಾಂ ಫೈಲ್ (ಯಂತ್ರದ ಮೂಲ ಚಿತ್ರದ ಫೈಲ್) ತರಲು ಹೇಳಿ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೆಗೆದ ವಾಟ್ಸ್‌ಆ್ಯಪ್ ಫೋಟೋದಲ್ಲಿ ವಿಂಡೋ ಬದಲಿಸಲಾಗದು, ಹೌನ್ಸ್‌ಫೀಲ್ಡ್ ಸಂಖ್ಯೆ ಅಳೆಯಲಾಗದು. ಗಂಟು ಆರು ತಿಂಗಳಲ್ಲಿ 2 ಮಿ.ಮೀ. ಬೆಳೆದಿದೆಯೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಾರದು.